ಕೀಲಿಕೈ ಯಾರ ಹತ್ತಿರ? ಸ್ವಂತ ಗಿಟ್‌ಲ್ಯಾಬ್ ಸರ್ವರ್ ನಡೆಸುವವರ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದವು. ಸಣ್ಣ ಕಂಪನಿ, ಕಾಲೇಜು ಲ್ಯಾಬ್, ಕಾರ್ಖಾನೆಯ ಐಟಿ ವಿಭಾಗ ಹೀಗೆ ಊರು ಬೇರೆ, ಕೆಲಸ ಬೇರೆ. ಗಂಟು ಮಾತ್ರ ಒಂದೇ, ಯಾರಿಗೆ ಎಷ್ಟು ಪರ್ಮಿಷನ್ ಕೊಡಬೇಕು ಎಂಬುದು. ಗಿಟ್‌ಲ್ಯಾಬ್ ಅಂದರೆ ತಂಡದ ಕೋಡನ್ನೂ ಅದರ ಬದಲಾವಣೆಗಳನ್ನೂ ಒಂದೆಡೆ ಇಟ್ಟು ನೋಡಿಕೊಳ್ಳುವ ಸರ್ವರ್ ಸಾಫ್ಟ್‌ವೇರ್. ಉತ್ತರಗಳೆಲ್ಲ ದುಡ್ಡು ಕೊಡದೆ ಬಳಸುವ ಗಿಟ್‌ಲ್ಯಾಬ್‌ಗೆ ಹೊಂದುತ್ತವೆ. ಪ್ರೀಮಿಯಂ ಬೇಕಾದಲ್ಲಿ ಹಾಗಂತಲೇ ಬರೆದಿದ್ದೇವೆ. ಮೆನುಗಳ ಹೆಸರನ್ನು ಅನುವಾದ ಮಾಡಿಲ್ಲ, ಪರದೆಯ ಮೇಲೆ ಹುಡುಕಲು ಸುಲಭವಾಗಲಿ ಎಂದು.

ಪ್ರಶ್ನೆ: ನಮ್ಮದು 14 ಜನರ ಕಂಪನಿ, ಮಶೀನ್ ಕಂಟ್ರೋಲ್ ಸಾಫ್ಟ್‌ವೇರ್ ಬರೆಯುತ್ತೇವೆ. ಶುರುವಿನಲ್ಲಿ ಕಂಪನಿ ಹೆಸರಿನ ಒಂದೇ ಗ್ರೂಪ್ ಮಾಡಿ ಎಲ್ಲರನ್ನೂ ಮೇಂಟೇನರ್ ಅಂತ ಸೇರಿಸಿಬಿಟ್ಟೆವು. ಈಗ ಬಿಲ್ಲಿಂಗ್ ಪ್ರಾಜೆಕ್ಟ್‌ನಲ್ಲಿ ಇಬ್ಬರು ಹುಡುಗರಿಗೆ ನೋಡುವಷ್ಟೇ ಹಕ್ಕು ಇರಲಿ ಎಂದು ರಿಪೋರ್ಟರ್ ಮಾಡಲು ಹೋದರೆ ಎರರ್ ಬರುತ್ತದೆ. ಏನ್ ತಪ್ಪಾಗೇತ್ರಿ?
— ಉದ್ಯಮಬಾಗ, ಬೆಳಗಾವಿ

ತಪ್ಪು ಬಿಲ್ಲಿಂಗ್ ಪ್ರಾಜೆಕ್ಟ್‌ನಲ್ಲಿಲ್ಲ, ಮೇಲಿನ ಗ್ರೂಪ್‌ನಲ್ಲಿದೆ. ಗ್ರೂಪ್‌ನಲ್ಲಿ ಕೊಟ್ಟ ಹಕ್ಕು ಕಾಲುವೆಯ ನೀರಿದ್ದಂತೆ. ಮೇಲಿನ ತೂಬು ಎತ್ತಿದರೆ ಕೆಳಗಿನ ಸಬ್‌ಗ್ರೂಪ್, ಅದರ ಕೆಳಗಿನ ಪ್ರಾಜೆಕ್ಟ್ ಎಲ್ಲದಕ್ಕೂ ಹರಿಯುತ್ತದೆ. ಕೆಳಗೆ ಇನ್ನಷ್ಟು ಸೇರಿಸಬಹುದು, ಕಡಿಮೆ ಮಾಡಲು ಬರುವುದಿಲ್ಲ. ಒಬ್ಬರಿಗೆ ಎರಡು ದಾರಿಯಿಂದ ಎರಡು ರೋಲ್ ಬಂದಿದ್ದರೆ ದೊಡ್ಡದೇ ಗೆಲ್ಲುತ್ತದೆ. ನಿಮಗೆ ಬರುತ್ತಿರುವ ಎರರ್‌ನ ಅರ್ಥವೂ ಇಷ್ಟೇ: ಮೇಲಿಂದ ಬಂದ ರೋಲ್‌ಗಿಂತ ಕೆಳಗಿನದನ್ನು ಇಲ್ಲಿ ಕೊಡಲಾಗದು.

ರೋಲ್‌ಗಳಿಗೆ ಗಿಟ್‌ಲ್ಯಾಬ್ ಒಳಗೆ ಒಂದೊಂದು ಅಂಕಿ ಇದೆ. ಎಪಿಐ (ಪ್ರೋಗ್ರಾಂ ಮೂಲಕ ಗಿಟ್‌ಲ್ಯಾಬ್ ಜೊತೆ ಮಾತಾಡುವ ದಾರಿ) ಬಳಸುವಾಗ ಈ ಅಂಕಿಗಳೇ ಕಾಣುತ್ತವೆ: ಗೆಸ್ಟ್ 10, ಪ್ಲಾನರ್ 15, ರಿಪೋರ್ಟರ್ 20, ಡೆವಲಪರ್ 30, ಮೇಂಟೇನರ್ 40, ಓನರ್ 50. ಪ್ಲಾನರ್ ಬಂದದ್ದು ಇತ್ತೀಚೆಗೆ, 17.7ನೇ ಆವೃತ್ತಿಯಲ್ಲಿ, ನಿಮ್ಮ ಸರ್ವರ್ ಹಳೆಯದಾಗಿದ್ದರೆ ಕಾಣುವುದಿಲ್ಲ. ದಿನದ ಕೆಲಸಕ್ಕೆ ನೆನಪಿಡಬೇಕಾದ ಗೆರೆಗಳು ನಾಲ್ಕು. ಪ್ರೈವೇಟ್ ಪ್ರಾಜೆಕ್ಟ್‌ನ ಕೋಡನ್ನು ಎಳೆದುಕೊಳ್ಳಲು ರಿಪೋರ್ಟರ್ ಸಾಕು. ಬ್ರಾಂಚ್ (ಕೋಡ್‌ನ ಪ್ರತ್ಯೇಕ ಕವಲು) ಮಾಡಿ ಪುಶ್ ಮಾಡಲು, ಅಂದರೆ ಸರ್ವರ್‌ಗೆ ಕಳಿಸಲು, ಡೆವಲಪರ್ ಬೇಕು. ಪ್ರಾಜೆಕ್ಟ್ ಸೆಟ್ಟಿಂಗ್ಸ್, ಬ್ರಾಂಚ್ ರಕ್ಷಣೆ, ಸಿಐ ವೇರಿಯಬಲ್ (ತಾನಾಗಿ ನಡೆಯುವ ಬಿಲ್ಡ್‌ಗಳಿಗೆ ಕೊಡುವ ಪಾಸ್‌ವರ್ಡ್‌ನಂಥ ಮೌಲ್ಯಗಳು), ಜನರನ್ನು ಸೇರಿಸುವುದು ಇವೆಲ್ಲ ಮೇಂಟೇನರ್ ಕೈಯಲ್ಲಿ. ಪ್ರಾಜೆಕ್ಟನ್ನೇ ಅಳಿಸುವುದು, ಬೇರೆ ಗ್ರೂಪ್‌ಗೆ ಸಾಗಿಸುವುದು ಓನರ್ ಕೆಲಸ. ಅಂದರೆ ಈಗ ನಿಮ್ಮ 14 ಜನರಲ್ಲಿ ಯಾರು ಬೇಕಾದರೂ ಯಾವ ಪ್ರಾಜೆಕ್ಟ್‌ನ ಸಿಐ ವೇರಿಯಬಲ್ ಪುಟ ತೆಗೆದು ಸರ್ವರ್ ಪಾಸ್‌ವರ್ಡ್ ಓದಬಹುದು. ಬಿಲ್ಲಿಂಗ್ ವಿಷಯಕ್ಕಿಂತ ಇದು ದೊಡ್ಡದು.

ಸರಿಪಡಿಸುವಾಗ ಕ್ರಮ ಮುಖ್ಯ. ಮೊದಲು ಗ್ರೂಪ್‌ನ ಒಳಗೆ ಕೆಲಸಕ್ಕೆ ತಕ್ಕಂತೆ ಸಬ್‌ಗ್ರೂಪ್ ಮಾಡಿ: ಕಂಟ್ರೋಲ್, ಬಿಲ್ಲಿಂಗ್, ಹೀಗೆ. 20 ಹಂತದವರೆಗೆ ಒಳಗೊಳಗೆ ಮಾಡಬಹುದು, ಆದರೆ ಎರಡು ಹಂತ ದಾಟಿದರೆ ಯಾರ ಹಕ್ಕು ಎಲ್ಲಿಂದ ಬಂತೆಂದು ಹುಡುಕುವುದೇ ಒಂದು ಕೆಲಸವಾಗುತ್ತದೆ. ಆಮೇಲೆ ಪ್ರಾಜೆಕ್ಟ್‌ಗಳನ್ನು ಸಬ್‌ಗ್ರೂಪ್‌ಗೆ ಸಾಗಿಸಿ. ಸೆಟ್ಟಿಂಗ್ಸ್, ಜನರಲ್, ಅಡ್ವಾನ್ಸ್ಡ್ ಒಳಗೆ ಟ್ರಾನ್ಸ್‌ಫರ್ ಪ್ರಾಜೆಕ್ಟ್ ಇದೆ. ವಿಳಾಸ ಬದಲಾಗುತ್ತದೆ. ಹಳೆಯ ವಿಳಾಸದಿಂದ ಗಿಟ್‌ಲ್ಯಾಬ್ ಹೊಸದಕ್ಕೆ ತಿರುಗಿಸುತ್ತದಾದರೂ ಎಲ್ಲರ ಕಂಪ್ಯೂಟರ್‌ನಲ್ಲಿ ರಿಮೋಟ್ (ಸರ್ವರ್ ವಿಳಾಸ) ಬದಲಿಸಿಕೊಳ್ಳಲು ಹೇಳುವುದು ಒಳ್ಳೆಯದು.

ಮೂರನೆಯ ಹೆಜ್ಜೆಯಲ್ಲಿ ಕೆಳಗಿನ ಸಬ್‌ಗ್ರೂಪ್‌ಗಳಿಗೆ ಜನರನ್ನು ಸೇರಿಸಬೇಕು, ಆದರೆ ಮೇಲಿಂದ ಮೇಂಟೇನರ್ ಹರಿಯುತ್ತಿರುವಾಗ ಕೆಳಗೆ ಡೆವಲಪರ್ ಅಂತ ಸೇರಿಸಲು ಬರುವುದಿಲ್ಲವಲ್ಲ. ಹಾಗಾಗಿ ಒಬ್ಬೊಬ್ಬರನ್ನೇ ತೆಗೆದುಕೊಳ್ಳಿ: ಮೇಲಿನ ಗ್ರೂಪ್‌ನಿಂದ ತೆಗೆದು, ಕೂಡಲೇ ಬೇಕಾದ ಸಬ್‌ಗ್ರೂಪ್‌ಗೆ ಬೇಕಾದ ರೋಲ್‌ನಲ್ಲಿ ಹಾಕಿ. ತೆಗೆಯುವಾಗ ಬರುವ ಪೆಟ್ಟಿಗೆಯಲ್ಲಿ ಒಂದು ಟಿಕ್ ಇರುತ್ತದೆ, ಸಬ್‌ಗ್ರೂಪ್ ಮತ್ತು ಪ್ರಾಜೆಕ್ಟ್‌ಗಳ ನೇರ ಸದಸ್ಯತ್ವವನ್ನೂ ತೆಗೆಯಲೇ ಎಂದು ಕೇಳುವುದು. ಅದನ್ನು ಖಾಲಿ ಬಿಡಿ. ಅಲ್ಲಿ ಟಿಕ್ ಹಾಕಿದರೆ ಮೊದಲೇ ಎಲ್ಲಾದರೂ ಕೈಯಾರೆ ಸೇರಿಸಿದ್ದ ಹೆಸರುಗಳೂ ಹೋಗುತ್ತವೆ. ಇದನ್ನು ಮಧ್ಯಾಹ್ನದ ಕೆಲಸದ ಹೊತ್ತಿನಲ್ಲಿ ಮಾಡಬೇಡಿ, ಸಂಜೆ ಎಲ್ಲರೂ ಪುಶ್ ಮಾಡಿದ ಮೇಲೆ ಕೂತರೆ 14 ಜನರದ್ದು ಒಂದೇ ಬೈಠಕ್ಕಿನಲ್ಲಿ ಮುಗಿಯುತ್ತದೆ.

ಕೊನೆಗೆ ಮೇಲಿನ ಗ್ರೂಪ್‌ನಲ್ಲಿ ಇಬ್ಬರು ಓನರ್ ಮಾತ್ರ ಉಳಿಯಬೇಕು. ಒಬ್ಬರೇ ಆದರೆ ಅವರು ಊರಿಗೆ ಹೋದ ದಿನ ಕೆಲಸ ನಿಲ್ಲುತ್ತದೆ. ಐದು ಜನರಾದರೆ ಓನರ್ ಎಂಬ ಮಾತಿಗೆ ಅರ್ಥವಿಲ್ಲ. ಯಾವ ಹೆಸರು ಎಲ್ಲಿಂದ ಬಂತೆಂದು ತಿಳಿಯಲು ಪ್ರಾಜೆಕ್ಟ್‌ನ ಮ್ಯಾನೇಜ್, ಮೆಂಬರ್ಸ್ ಪುಟದಲ್ಲಿ ಸೋರ್ಸ್ ಎಂಬ ಕಾಲಮ್ ನೋಡಿ. ನೇರವಾಗಿ ಸೇರಿಸಿದವರೋ, ಯಾವ ಗ್ರೂಪ್‌ನಿಂದ ಇಳಿದು ಬಂದವರೋ ಅಲ್ಲಿ ಬರೆದಿರುತ್ತದೆ.

ಇನ್ನೊಂದು ದಾರಿಯೂ ಇದೆ: ಜನರದ್ದೇ ಒಂದು ಪ್ರತ್ಯೇಕ ಗ್ರೂಪ್ ಮಾಡಿ, ಆ ಗ್ರೂಪನ್ನೇ ಪ್ರಾಜೆಕ್ಟ್‌ಗೆ ಆಹ್ವಾನಿಸುವುದು. ಇಲ್ಲಿ ಲೆಕ್ಕ ಉಲ್ಟಾ. ಆಹ್ವಾನಿಸುವಾಗ ನೀವು ಇಟ್ಟ ಮಿತಿ, ಆ ಗ್ರೂಪ್‌ನಲ್ಲಿ ವ್ಯಕ್ತಿಗಿರುವ ರೋಲ್, ಎರಡರಲ್ಲಿ ಚಿಕ್ಕದು ಸಿಗುತ್ತದೆ. ಮಿತಿ ಡೆವಲಪರ್ ಎಂದಿಟ್ಟರೆ ಅಲ್ಲಿನ ಮೇಂಟೇನರ್ ಇಲ್ಲಿ ಡೆವಲಪರ್ ಆಗುತ್ತಾನೆ, ಅಲ್ಲಿನ ರಿಪೋರ್ಟರ್ ಇಲ್ಲಿಯೂ ರಿಪೋರ್ಟರ್ ಆಗಿಯೇ ಇರುತ್ತಾನೆ. ತಂಡಗಳು ಆಗಾಗ ಬದಲಾಗುವ ಕಡೆ ಇದೇ ಹಗುರ.

ಪ್ರಶ್ನೆ: ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ಒಂದಕ್ಕೆ ದಾಸ್ತಾನಿನ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೇವೆ. ಮಾಲೀಕರು ತಾವೇ ಲಾಗಿನ್ ಆಗಿ ದೂರು ಬರೆಯಬೇಕಂತೆ, ನಮಗೆ ಕೋಡ್ ತೋರಿಸಲು ಮನಸ್ಸಿಲ್ಲ.
— ವಿಜಯಪುರ

ಪ್ರಾಜೆಕ್ಟ್ ಪ್ರೈವೇಟ್ ಇರಲಿ, ಅವರನ್ನು ಗೆಸ್ಟ್ ಮಾಡಿ. ಇಶ್ಯೂ ಬರೆಯಬಹುದು, ಉತ್ತರ ಓದಬಹುದು, ಕೋಡ್ ಕಾಣುವುದಿಲ್ಲ. ನೀವು ಒಳಗೊಳಗೆ ಚರ್ಚಿಸುವ ಇಶ್ಯೂಗಳನ್ನು ಕಾನ್ಫಿಡೆನ್ಶಿಯಲ್ ಎಂದು ಗುರುತಿಸಿದರೆ ಗೆಸ್ಟ್‌ಗೆ ಅವೂ ಕಾಣವು. ಅವರೇ ಬರೆದದ್ದು ಅಥವಾ ಅವರಿಗೆ ವಹಿಸಿದ್ದು ಮಾತ್ರ ಕಾಣುತ್ತದೆ.

ಎಡವುವುದು ಬೇರೆ ಕಡೆ. ನಿಮ್ಮ ಸರ್ವರ್‌ನಲ್ಲಿ ಯಾವುದಾದರೂ ಪ್ರಾಜೆಕ್ಟ್ ಇಂಟರ್ನಲ್ ಎಂದಿದೆಯೇ ನೋಡಿ. ಇಂಟರ್ನಲ್ ಅಂದರೆ ನಮ್ಮ ಕಂಪನಿಯ ಒಳಗಿನವರು ಎಂದು ಎಲ್ಲರೂ ತಿಳಿಯುತ್ತಾರೆ. ಗಿಟ್‌ಲ್ಯಾಬ್‌ಗೆ ನಿಮ್ಮ ಕಂಪನಿ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಲಾಗಿನ್ ಆದವರು ಮತ್ತು ಆಗದವರು, ಅಷ್ಟೇ. ಗ್ರಾಹಕರಿಗೆ ಅಕೌಂಟ್ ಕೊಟ್ಟ ಕ್ಷಣ ಎಲ್ಲ ಇಂಟರ್ನಲ್ ಪ್ರಾಜೆಕ್ಟ್‌ಗಳ ಕೋಡೂ ಅವರಿಗೆ ತೆರೆದಂತೆ. ಆದ್ದರಿಂದ ಅಡ್ಮಿನ್, ಯೂಸರ್ಸ್, ಅವರ ಹೆಸರು, ಎಡಿಟ್ ಎಂದು ಹೋಗಿ ಎಕ್ಸ್‌ಟರ್ನಲ್ ಎಂಬಲ್ಲಿ ಟಿಕ್ ಹಾಕಿ. ಆಗ ಹೆಸರು ಹಿಡಿದು ಸೇರಿಸಿದ ಪ್ರಾಜೆಕ್ಟ್ ಬಿಟ್ಟರೆ ಇಂಟರ್ನಲ್ ಯಾವುದೂ ಕಾಣುವುದಿಲ್ಲ, ತಾವಾಗಿ ಪ್ರಾಜೆಕ್ಟ್, ಗ್ರೂಪ್ ಮಾಡಲೂ ಬರುವುದಿಲ್ಲ.

ಪ್ರಶ್ನೆ: ನಮ್ಮ ಕಾಲೇಜು ಲ್ಯಾಬ್‌ನಲ್ಲಿ 60 ವಿದ್ಯಾರ್ಥಿಗಳು, 30 ಕಂಪ್ಯೂಟರ್. ಬೆಳಗಿನ ಬ್ಯಾಚ್‌ನವರು ಎಸ್‌ಎಸ್‌ಎಚ್ ಕೀ ಸೇರಿಸಿದರು. ಮಧ್ಯಾಹ್ನದ ಬ್ಯಾಚ್‌ಗೆ ಅದೇ ಕೀ ಹಾಕಿದರೆ ಫಿಂಗರ್‌ಪ್ರಿಂಟ್ ಆಗಲೇ ಬಳಕೆಯಲ್ಲಿದೆ ಎಂಬ ಎರರ್. ಇನ್ನು ಕಮಿಟ್‌ಗಳಲ್ಲಿ ಒಬ್ಬರ ಕೆಲಸಕ್ಕೆ ಇನ್ನೊಬ್ಬರ ಹೆಸರು, ಫೋಟೊ ಬರುತ್ತದೆ. ಮಾರ್ಕ್ಸ್ ಕೊಡುವುದು ಹೇಗೆ?
— ಲ್ಯಾಬ್ ಸಹಾಯಕರು, ವಿದ್ಯಾಗಿರಿ, ಬಾಗಲಕೋಟೆ

ಎರಡೂ ಬೇರೆ ಬೇರೆ ರೋಗ. ಮೊದಲನೆಯದು ರೋಗವೇ ಅಲ್ಲ, ಕಾವಲು. ಎಸ್‌ಎಸ್‌ಎಚ್ (ಪಾಸ್‌ವರ್ಡ್ ಬದಲು ಕೀ ಫೈಲ್ ತೋರಿಸಿ ಸರ್ವರ್‌ಗೆ ಬರುವ ದಾರಿ) ಮೂಲಕ ಬರುವ ಎಲ್ಲರೂ ಗಿಟ್ ಎಂಬ ಒಂದೇ ಹೆಸರಿನಲ್ಲಿ ಸರ್ವರ್‌ಗೆ ಬರುತ್ತಾರೆ. ಯಾರು ಎಂದು ಗುರುತಿಸಲು ಗಿಟ್‌ಲ್ಯಾಬ್‌ಗೆ ಇರುವುದು ಕೀ ಒಂದೇ. ಒಂದು ಕೀ ಎರಡು ಅಕೌಂಟ್‌ನಲ್ಲಿದ್ದರೆ ಗುರುತು ಹಿಡಿಯುವುದು ಹೇಗೆ? ಅದಕ್ಕೇ ಇಡೀ ಸರ್ವರ್‌ನಲ್ಲಿ ಒಂದು ಕೀಗೆ ಒಂದೇ ಅಕೌಂಟ್. ಹಂಚಿಕೊಂಡು ಬಳಸುವ ಕಂಪ್ಯೂಟರ್‌ನಲ್ಲಿ ಎಸ್‌ಎಸ್‌ಎಚ್ ಕೀ ಇಡುವುದೇ ಬೇಡ. ಬೆಳಗ್ಗೆ ಕೀ ಬಿಟ್ಟುಹೋದ ಹುಡುಗನ ಹೆಸರಿನಲ್ಲಿ ಮಧ್ಯಾಹ್ನದವನು ಆರಾಮವಾಗಿ ಪುಶ್ ಮಾಡಬಹುದು.

ಲ್ಯಾಬ್‌ಗೆ ಎಚ್‌ಟಿಟಿಪಿಎಸ್ ವಿಳಾಸವೇ ಸರಿ. ಪ್ರತಿ ವಿದ್ಯಾರ್ಥಿ ತನ್ನ ಪ್ರೊಫೈಲ್‌ನ ಆಕ್ಸೆಸ್ ಟೋಕನ್ಸ್ ಪುಟದಲ್ಲಿ ಒಂದು ಟೋಕನ್ ಮಾಡಿಕೊಳ್ಳಲಿ. ಸ್ಕೋಪ್‌ಗಳಲ್ಲಿ ರೀಡ್ ರೆಪೊಸಿಟರಿ, ರೈಟ್ ರೆಪೊಸಿಟರಿ ಎರಡೇ ಸಾಕು. ಎಪಿಐ ಎಂಬುದಕ್ಕೆ ಟಿಕ್ ಹಾಕಬಾರದು, ಅದು ಅಕೌಂಟ್‌ನ ಹೆಚ್ಚುಕಡಿಮೆ ಎಲ್ಲ ಬಾಗಿಲನ್ನೂ ತೆರೆಯುತ್ತದೆ. ಗಡುವು ಸೆಮಿಸ್ಟರ್ ಕೊನೆಯ ದಿನ. ಟೋಕನ್ ಒಮ್ಮೆ ಮಾತ್ರ ಕಾಣುತ್ತದೆ, ಪುಟ ಮುಚ್ಚಿದರೆ ಮುಗಿಯಿತು, ಹೊಸದು ಮಾಡಬೇಕು. ಗಿಟ್ ಪಾಸ್‌ವರ್ಡ್ ಕೇಳಿದಾಗ ಅಲ್ಲಿ ಟೋಕನ್ ಅಂಟಿಸುವುದು.

ಕಂಪ್ಯೂಟರ್ ವಿಂಡೋಸ್ ಆಗಿದ್ದರೆ ಇಲ್ಲೊಂದು ಕೊಕ್ಕೆ ಇದೆ. ಮೊದಲು ಕೊಟ್ಟ ಟೋಕನನ್ನು ಕ್ರೆಡೆನ್ಶಿಯಲ್ ಮ್ಯಾನೇಜರ್ ನೆನಪಿಟ್ಟುಕೊಂಡು ಮುಂದಿನವನಿಗೂ ಅದನ್ನೇ ಬಳಸುತ್ತದೆ. ಬ್ಯಾಚ್ ಮುಗಿದಾಗ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆಗೆದು, ವಿಂಡೋಸ್ ಕ್ರೆಡೆನ್ಶಿಯಲ್ಸ್ ಕೆಳಗೆ ಗಿಟ್ ಎಂದು ಶುರುವಾಗುವ ಸಾಲು ಅಳಿಸಬೇಕು. ಪ್ರತಿ ವಿದ್ಯಾರ್ಥಿಗೂ ಬೇರೆ ವಿಂಡೋಸ್ ಲಾಗಿನ್ ಕೊಡಲು ಸಾಧ್ಯವಿದ್ದರೆ ಈ ತಾಪತ್ರಯವೇ ಇಲ್ಲ.

ಈಗ ಹೆಸರಿನ ಗೊಂದಲ. ಕಮಿಟ್ (ದಾಖಲಾದ ಒಂದೊಂದು ಬದಲಾವಣೆ) ಮೇಲಿನ ಹೆಸರು, ಇಮೇಲ್ ಅನ್ನು ಯಾರೂ ಪರೀಕ್ಷಿಸುವುದಿಲ್ಲ. ಕಂಪ್ಯೂಟರ್‌ನ ಗಿಟ್ ಕಾನ್ಫಿಗ್‌ನಲ್ಲಿ ಏನು ಬರೆದಿದೆಯೋ ಅದೇ ಹೋಗುತ್ತದೆ. ಲಕೋಟೆಯ ಹಿಂದೆ ಕಳಿಸಿದವರ ಹೆಸರು ಬರೆದಂತೆ, ಏನು ಬೇಕಾದರೂ ಬರೆಯಬಹುದು. ಬೆಳಗಿನ ಹುಡುಗಿ ಗ್ಲೋಬಲ್ ಎಂದು ತನ್ನ ಇಮೇಲ್ ಹಾಕಿ ಹೋಗಿದ್ದರೆ ಮಧ್ಯಾಹ್ನದ ಕಮಿಟ್‌ಗಳಿಗೂ ಅದೇ ಇಮೇಲ್. ಆ ಇಮೇಲ್ ಯಾರ ಅಕೌಂಟ್‌ನದ್ದೋ ಅವರ ಫೋಟೊವನ್ನು ಗಿಟ್‌ಲ್ಯಾಬ್ ಅಂಟಿಸುತ್ತದೆ. ಹೆಸರು, ಇಮೇಲನ್ನು ಗ್ಲೋಬಲ್ ಆಗಿ ಹಾಕದೆ, ಆಯಾ ರೆಪೊಸಿಟರಿಯ (ಕೋಡ್ ಫೋಲ್ಡರಿನ) ಒಳಗೆ ಲೋಕಲ್ ಆಗಿ ಹಾಕುವ ರೂಢಿ ಮಾಡಿಸಿ.

ಮಾರ್ಕ್ಸ್‌ಗೆ ಕಮಿಟ್ ಪಟ್ಟಿ ನಂಬಬೇಡಿ. ಪ್ರಾಜೆಕ್ಟ್‌ನ ಆಕ್ಟಿವಿಟಿ ಪುಟದಲ್ಲಿ ಯಾರು ಯಾವ ಬ್ರಾಂಚ್‌ಗೆ ಪುಶ್ ಮಾಡಿದರು ಎಂಬ ದಾಖಲೆ ಇರುತ್ತದೆ. ಅದು ನಿಜವಾಗಿ ಲಾಗಿನ್ ಆದ ಅಕೌಂಟ್. ಇಂಥ ಹೆಸರಿನ ಕಮಿಟ್ ಮಾತ್ರ ಬರಲಿ ಎಂದು ಸರ್ವರ್‌ನಲ್ಲೇ ತಡೆಯುವ ಪುಶ್ ರೂಲ್ಸ್ ಇವೆ, ಪ್ರೀಮಿಯಂನಲ್ಲಿ.

ಜೊತೆಗೆ ಕಾಲೇಜಿನವರು ಮರೆಯುವ ಮೂರು ಸೆಟ್ಟಿಂಗ್. ಅಡ್ಮಿನ್, ಸೆಟ್ಟಿಂಗ್ಸ್, ಜನರಲ್ ಒಳಗೆ ಸೈನ್-ಅಪ್ ನಿರ್ಬಂಧ ಇದೆ. ಹೊಸ ಸರ್ವರ್‌ನಲ್ಲಿ ಯಾರು ಬೇಕಾದರೂ ಹೆಸರು ನೋಂದಾಯಿಸಬಹುದಾಗಿರುತ್ತದೆ, ಅದನ್ನು ಆಫ್ ಮಾಡಿ ಅಥವಾ ಕಾಲೇಜಿನ ಇಮೇಲ್ ಡೊಮೇನ್‌ಗೆ ಮಾತ್ರ ಬಿಡಿ. ಅದೇ ಪುಟದ ಅಕೌಂಟ್ ಅಂಡ್ ಲಿಮಿಟ್‌ನಲ್ಲಿ ಡೀಫಾಲ್ಟ್ ಪ್ರಾಜೆಕ್ಟ್ಸ್ ಲಿಮಿಟ್ 1,00,000 ಎಂದಿರುತ್ತದೆ. 0 ಮಾಡಿದರೆ ವಿದ್ಯಾರ್ಥಿಗಳು ಸ್ವಂತ ಹೆಸರಿನಲ್ಲಿ ಪ್ರಾಜೆಕ್ಟ್ ಮಾಡಲಾರರು, ನಿಮ್ಮ ಗ್ರೂಪ್‌ನಲ್ಲಿಯೇ ಮಾಡಬೇಕು. ಈ ಬದಲಾವಣೆ ಆಮೇಲೆ ಬರುವ ಅಕೌಂಟ್‌ಗಳಿಗೆ ಮಾತ್ರ ತಾಗುತ್ತದೆ, ಆದ್ದರಿಂದ 60 ಜನರನ್ನು ಸೇರಿಸುವ ಮೊದಲೇ ಮಾಡಿ. ಮೂರನೆಯದು, ಬ್ಯಾಚ್‌ನ ಗ್ರೂಪ್‌ಗೆ ಸೇರಿಸುವಾಗ ಎಕ್ಸ್‌ಪೈರೇಶನ್ ದಿನಾಂಕ ಹಾಕಿ. ಆ ದಿನ ಸದಸ್ಯತ್ವ ತಾನಾಗಿ ಕಳಚುತ್ತದೆ, ನೀವು ನೆನಪಿಟ್ಟುಕೊಳ್ಳಬೇಕಿಲ್ಲ.

ಪ್ರಶ್ನೆ: ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜ್ ಸಾಫ್ಟ್‌ವೇರ್ ನಮ್ಮದು. ಹಂಗಾಮು ನಡೆದಿರುವಾಗಲೇ ಒಬ್ಬ ಹುಡುಗ ಮೇನ್ ಬ್ರಾಂಚ್‌ಗೆ ಫೋರ್ಸ್ ಪುಶ್ ಮಾಡಿ ಎರಡು ದಿನದ ಕೆಲಸ ಮಾಯವಾಗಿದೆ. ವಾಪಸ್ ತರಬಹುದೇ? ಮತ್ತೆ ಆಗದಂತೆ ಏನು ಮಾಡಬೇಕು?
— ಮುಧೋಳ

ಮಾಯವಾಗಿಲ್ಲ, ಹಾದಿ ತಪ್ಪಿದೆ. ಫೋರ್ಸ್ ಪುಶ್ ಮಾಡಿದರೆ ಬ್ರಾಂಚ್ ಎಂಬ ಬೋರ್ಡು ಬೇರೆ ಕಮಿಟ್‌ಗೆ ತಗಲಿಕೊಳ್ಳುತ್ತದೆ, ಹಳೆಯ ಕಮಿಟ್‌ಗಳು ಸರ್ವರ್‌ನಲ್ಲಿ ಕೂಡಲೇ ಅಳಿಯುವುದಿಲ್ಲ. ಆದರೆ ಮುಂದೆ ಹೌಸ್‌ಕೀಪಿಂಗ್ ನಡೆದಾಗ ಗುಡಿಸಿಹೋಗಬಹುದು, ಹಾಗಾಗಿ ತಡಮಾಡಬೇಡಿ. ಪ್ರಾಜೆಕ್ಟ್‌ನ ಆಕ್ಟಿವಿಟಿ ಪುಟದಲ್ಲಿ ಆ ಹುಡುಗನ ಪುಶ್‌ಗಿಂತ ಹಿಂದಿನ ಪುಶ್ ಹುಡುಕಿ, ಅದರ ಕಮಿಟ್ ಸಂಖ್ಯೆ ನಕಲು ಮಾಡಿ. ಬ್ರಾಂಚಸ್ ಪುಟದಲ್ಲಿ ನ್ಯೂ ಬ್ರಾಂಚ್ ಒತ್ತಿ, ಕ್ರಿಯೇಟ್ ಫ್ರಮ್ ಎಂಬಲ್ಲಿ ಆ ಸಂಖ್ಯೆ ಅಂಟಿಸಿ, ರಕ್ಷಣೆ ಎಂದೋ ಏನೋ ಒಂದು ಹೆಸರು ಕೊಡಿ. ಕಮಿಟ್‌ಗಳು ಈಗ ಸುರಕ್ಷಿತ. ಆಮೇಲೆ ಮೇನ್ ಜೊತೆ ಹೋಲಿಸಿ ನಿಧಾನಕ್ಕೆ ವಿಲೀನ ಮಾಡಿ. ಆಕ್ಟಿವಿಟಿಯಲ್ಲಿ ಸಿಗದಿದ್ದರೆ ಆ ಎರಡು ದಿನದಲ್ಲಿ ಪುಲ್ ಮಾಡಿದ ಯಾರದಾದರೂ ಕಂಪ್ಯೂಟರ್‌ನಲ್ಲಿ ಗಿಟ್ ರೆಫ್‌ಲಾಗ್ (ಬ್ರಾಂಚ್ ಹಿಂದೆ ಯಾವ ಯಾವ ಕಮಿಟ್‌ನಲ್ಲಿತ್ತು ಎಂಬ ದಾಖಲೆ) ನೋಡಿದರೆ ಸಂಖ್ಯೆ ಸಿಗುತ್ತದೆ. ಅಲ್ಲಿಯವರೆಗೆ ಯಾರೂ ಪುಲ್ ಮಾಡಬಾರದು ಎಂದು ಫೋನ್ ಮಾಡಿ ಹೇಳಿ.

ಹೀಗೆ ಆಗಲು ಕಾರಣ ಎರಡರಲ್ಲೊಂದು. ಗಿಟ್‌ಲ್ಯಾಬ್ ಡೀಫಾಲ್ಟ್ ಬ್ರಾಂಚನ್ನು ತಾನೇ ರಕ್ಷಿಸಿರುತ್ತದೆ, ಡೆವಲಪರ್ ಪುಶ್ ಮಾಡಿದರೆ ಪ್ರೀ-ರಿಸೀವ್ ಹುಕ್ ಡಿಕ್ಲೈನ್ಡ್ ಎಂದು ತಳ್ಳಿಬಿಡುತ್ತದೆ. ಆ ಸಂದೇಶ ಕಂಡು ಬೇಸತ್ತು ಯಾರೋ ರಕ್ಷಣೆಯನ್ನೇ ತೆಗೆದಿರಬೇಕು, ಇಲ್ಲವೇ ಫೋರ್ಸ್ ಪುಶ್ ಟಾಗಲ್ ಆನ್ ಮಾಡಿರಬೇಕು. ಎರಡನ್ನೂ ಮಾಡಬಲ್ಲವರು ಮೇಂಟೇನರ್ ಮತ್ತು ಮೇಲಿನವರು.

ಸೆಟ್ಟಿಂಗ್ಸ್, ರೆಪೊಸಿಟರಿ, ಪ್ರೊಟೆಕ್ಟೆಡ್ ಬ್ರಾಂಚಸ್ ತೆಗೆಯಿರಿ. ಮೇನ್ ಎದುರು ಅಲೌಡ್ ಟು ಮರ್ಜ್ ಎಂಬಲ್ಲಿ ಮೇಂಟೇನರ್ಸ್, ಅಲೌಡ್ ಟು ಪುಶ್ ಅಂಡ್ ಮರ್ಜ್ ಎಂಬಲ್ಲಿ ನೋ ಒನ್, ಅಲೌಡ್ ಟು ಫೋರ್ಸ್ ಪುಶ್ ಆಫ್. ಈಗ ಮೇಂಟೇನರ್ ಕೂಡ ಮರ್ಜ್ ರಿಕ್ವೆಸ್ಟ್ (ವಿಲೀನದ ಕೋರಿಕೆ) ಮೂಲಕವೇ ಬರಬೇಕು. ತುರ್ತು ಇದ್ದಾಗ ಇದು ಕಿರಿಕಿರಿ ಅನಿಸುತ್ತದೆ, ನಿಜ. ಆದರೆ ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಸಾಲು ನಿಂತಿರುವಾಗ ತೂಕದ ಲೆಕ್ಕ ತಪ್ಪುವುದಕ್ಕಿಂತ ಆ ಎರಡು ನಿಮಿಷ ಅಗ್ಗ.

ಒಂದು ಸೂಕ್ಷ್ಮ ಇದೆ. ರಿಲೀಸ್ ಎಂದು ಶುರುವಾಗುವ ಎಲ್ಲ ಬ್ರಾಂಚ್‌ಗೆ ನಕ್ಷತ್ರ ಚಿಹ್ನೆ ಹಾಕಿ ಒಂದು ನಿಯಮ, ಅದರಲ್ಲೇ ಒಂದು ಬ್ರಾಂಚ್‌ಗೆ ಬಿಗಿಯಾದ ಇನ್ನೊಂದು ನಿಯಮ ಮಾಡಿದಿರಿ ಎನ್ನಿ. ಬಿಗಿಯಾದದ್ದು ಗೆಲ್ಲುತ್ತದೆ ಎಂದುಕೊಳ್ಳಬೇಡಿ. ಒಂದೇ ಬ್ರಾಂಚ್‌ಗೆ ಎರಡು ನಿಯಮ ಹೊಂದಿದರೆ ಸಡಿಲವಾದದ್ದೇ ನಡೆಯುತ್ತದೆ. ಇಂಥವರೊಬ್ಬರೇ ಪುಶ್ ಮಾಡಲಿ ಎಂದು ಹೆಸರು ಹಿಡಿದು ಕೊಡುವುದು, ಇಬ್ಬರು ಒಪ್ಪದೆ ವಿಲೀನವಾಗದಂತೆ ಕಡ್ಡಾಯ ಮಾಡುವುದು ಪ್ರೀಮಿಯಂನಲ್ಲಿ ಮಾತ್ರ. ಪುಕ್ಕಟೆಯದರಲ್ಲಿ ರೋಲ್ ಮಟ್ಟದಲ್ಲಿಯೇ ಆಟ. ಕಾರ್ಖಾನೆಗೆ ಕಳಿಸುವ ಆವೃತ್ತಿಗಳ ಟ್ಯಾಗ್‌ಗಳಿಗೂ ಅದೇ ರೆಪೊಸಿಟರಿ ಪುಟದಲ್ಲಿ ಪ್ರೊಟೆಕ್ಟೆಡ್ ಟ್ಯಾಗ್ಸ್ ಹಾಕಿ. ಬ್ರಾಂಚಿಗೆ ಬೀಗ ಹಾಕಿ ಟ್ಯಾಗ್ ತೆರೆದಿಡುವವರೇ ಹೆಚ್ಚು.

ಪ್ರಶ್ನೆ: ಕೆಲಸ ಬಿಟ್ಟ ಒಬ್ಬರ ಅಕೌಂಟ್ ಡಿಲೀಟ್ ಮಾಡಿದೆವು. ಮರುದಿನದಿಂದ ರಾತ್ರಿ ಬಿಲ್ಡ್ ನಿಂತಿದೆ, ಅವರು ಮಾಡಿದ್ದ ಒಂದು ಟೂಲ್‌ನ ಪ್ರಾಜೆಕ್ಟೂ ಕಾಣುತ್ತಿಲ್ಲ.
— ಟಿಳಕವಾಡಿ, ಬೆಳಗಾವಿ

ಟೂಲ್ ಅವರ ಸ್ವಂತ ಹೆಸರಿನ ಕೆಳಗೆ ಇದ್ದಿರಬೇಕು. ಅಕೌಂಟ್ ಅಳಿಸಿದರೆ ಆ ಜಾಗದ ಪ್ರಾಜೆಕ್ಟ್‌ಗಳೂ ಅಳಿಯುತ್ತವೆ. ಈಗ ದಾರಿ ಎರಡೇ: ಯಾರದಾದರೂ ಕಂಪ್ಯೂಟರ್‌ನಲ್ಲಿ ಅದರ ಕ್ಲೋನ್ ಇದ್ದರೆ ಅದನ್ನು ಹೊಸ ಪ್ರಾಜೆಕ್ಟ್‌ಗೆ ಪುಶ್ ಮಾಡುವುದು, ಇಲ್ಲವೇ ಬ್ಯಾಕಪ್ಪನ್ನು ಬೇರೆ ಮಶೀನ್‌ನಲ್ಲಿ ಬಿಚ್ಚಿ ತೆಗೆಯುವುದು. ಅವರು ಹಂಚಿಕೊಂಡ ಗ್ರೂಪ್‌ಗಳಲ್ಲಿ ಬರೆದ ಇಶ್ಯೂ, ಕಾಮೆಂಟ್‌ಗಳು ಉಳಿದಿವೆ, ಘೋಸ್ಟ್ ಯೂಸರ್ ಎಂಬ ಹೆಸರಿನಲ್ಲಿ. ಡಿಲೀಟ್ ಯೂಸರ್ ಅಂಡ್ ಕಾಂಟ್ರಿಬ್ಯೂಶನ್ಸ್ ಎಂಬ ಪಕ್ಕದ ಗುಂಡಿ ಒತ್ತಿದ್ದರೆ ಅವೂ ಇರುತ್ತಿರಲಿಲ್ಲ. ಆ ಗುಂಡಿ ಇರುವುದು ಜಾಹೀರಾತು ಅಂಟಿಸಲು ಬರುವ ಸ್ಪ್ಯಾಮ್ ಅಕೌಂಟ್‌ಗಳಿಗೆ.

ರಾತ್ರಿ ಬಿಲ್ಡ್ ನಡೆಯುವುದು ಶೆಡ್ಯೂಲ್ ಮಾಡಿದವರ ಹಕ್ಕಿನ ಮೇಲೆ. ಅವರಿಲ್ಲ, ಹಕ್ಕಿಲ್ಲ, ಬಿಲ್ಡ್ ಇಲ್ಲ. ಬಿಲ್ಡ್, ಪೈಪ್‌ಲೈನ್ ಶೆಡ್ಯೂಲ್ಸ್ ಪುಟದಲ್ಲಿ ಆ ಸಾಲಿನ ಎದುರು ಟೇಕ್ ಓನರ್‌ಶಿಪ್ ಒತ್ತಿ, ನಂತರ ಎಡಿಟ್‌ನಲ್ಲಿ ಆಕ್ಟಿವೇಟೆಡ್ ಟಿಕ್ ಇದೆಯೇ ನೋಡಿ. ಆ ಸಾಲೇ ಇಲ್ಲದಿದ್ದರೆ ಹೊಸದಾಗಿ ಮಾಡಬೇಕು.

ಮುಂದಿನ ಸಲ ಯಾರೇ ಬಿಟ್ಟರೂ ಡಿಲೀಟ್ ಬೇಡ, ಬ್ಲಾಕ್ ಮಾಡಿ. ಅಡ್ಮಿನ್, ಯೂಸರ್ಸ್ ಪುಟದಲ್ಲಿ ಹೆಸರಿನ ಎದುರಿನ ಮೂರು ಚುಕ್ಕೆಯಲ್ಲಿದೆ. ಲಾಗಿನ್, ಎಸ್‌ಎಸ್‌ಎಚ್, ಪರ್ಸನಲ್ ಟೋಕನ್ ಎಲ್ಲ ಒಂದೇ ಏಟಿಗೆ ನಿಲ್ಲುತ್ತವೆ, ಪ್ರಾಜೆಕ್ಟ್‌ಗಳು ಇದ್ದಲ್ಲೇ ಇರುತ್ತವೆ. ಶೆಡ್ಯೂಲ್‌ಗಳು ಬ್ಲಾಕ್‌ನಿಂದಲೂ ನಿಲ್ಲುತ್ತವೆ, ಅದಕ್ಕಾಗಿ ಮೊದಲೇ ಬೇರೆಯವರು ಟೇಕ್ ಓನರ್‌ಶಿಪ್ ಮಾಡಿಕೊಳ್ಳಲಿ. ಡಿಆಕ್ಟಿವೇಟ್ ಎಂಬುದು ಬೇರೆ: ಅವರು ಮತ್ತೆ ಲಾಗಿನ್ ಆದರೆ ಅಕೌಂಟ್ ತಾನಾಗಿ ಎದ್ದು ಕೂರುತ್ತದೆ. ಹೆರಿಗೆ ರಜೆಗೆ ಸರಿ, ಕೆಲಸ ಬಿಟ್ಟವರಿಗಲ್ಲ.

ಬ್ಲಾಕ್ ಮಾಡಿ ಕೈ ತೊಳೆದುಕೊಳ್ಳುವಂತಿಲ್ಲ. ಅಕೌಂಟ್‌ಗೆ ಅಂಟಿಕೊಳ್ಳದ ಕೀಲಿಗಳಿವೆ. ಡೆಪ್ಲಾಯ್ ಟೋಕನ್ (ಕೋಡ್ ಎಳೆಯಲು ಮಶೀನ್‌ಗೆ ಕೊಡುವ ಕೀಲಿ) ಯಾರ ಲಾಗಿನ್‌ಗೂ ಸೇರಿದ್ದಲ್ಲ, ಅದರ ಅಕ್ಷರಗಳು ಅವರ ಲ್ಯಾಪ್‌ಟಾಪ್‌ನಲ್ಲಿ ಉಳಿದಿದ್ದರೆ ಮನೆಯಿಂದಲೇ ಕೋಡ್ ಎಳೆಯಬಹುದು. ಡೆಪ್ಲಾಯ್ ಕೀ, ಸಿಐ ವೇರಿಯಬಲ್‌ನಲ್ಲಿರುವ ಸರ್ವರ್ ಪಾಸ್‌ವರ್ಡ್‌ಗಳೂ ಹಾಗೆಯೇ. ಅವರು ಮೇಂಟೇನರ್ ಆಗಿದ್ದ ಪ್ರತಿ ಪ್ರಾಜೆಕ್ಟ್‌ನಲ್ಲಿ ಇವನ್ನೆಲ್ಲ ಬದಲಿಸಬೇಕು. ಗಿಟ್‌ಲ್ಯಾಬ್ ಕೂತಿರುವ ಲಿನಕ್ಸ್ ಮಶೀನ್‌ನಲ್ಲಿ ಅವರಿಗೆ ಸುಡೋ (ಇಡೀ ಮಶೀನ್‌ನ ಅಡ್ಮಿನ್ ಅಧಿಕಾರ) ಇದ್ದ ಅಕೌಂಟ್ ಇದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ತೆಗೆಯಿರಿ. ಆ ಬಾಗಿಲು ತೆರೆದಿದ್ದರೆ ಗಿಟ್‌ಲ್ಯಾಬ್ ಒಳಗೆ ಹಾಕಿದ ಬೀಗಗಳಿಗೆ ಬೆಲೆಯಿಲ್ಲ.

ಪ್ರಶ್ನೆ: ಸರ್ವರ್‌ಗೆ ಕೋಡ್ ಕಳಿಸುವ ಸ್ಕ್ರಿಪ್ಟ್ ವರ್ಷದಿಂದ ಚೆನ್ನಾಗಿ ನಡೆಯುತ್ತಿತ್ತು. ಮೊನ್ನೆ ಬೆಳಗ್ಗೆ ಐದರ ಸುಮಾರಿಗೆ ಓಡಿದ್ದು ಸರಿ ಇತ್ತು, ಆರಕ್ಕೆ ಓಡಿದ್ದು ಆಕ್ಸೆಸ್ ಡಿನೈಡ್. ಯಾರೂ ಏನೂ ಮುಟ್ಟಿಲ್ಲರಿ.
— ಜಮಖಂಡಿ

ಟೋಕನ್ ಗಡುವು ಮುಗಿದಿದೆ. ಗಡುವಿನ ದಿನಾಂಕದಂದು ಯುಟಿಸಿ (ಜಾಗತಿಕ ಸಮಯ) ಮಧ್ಯರಾತ್ರಿಗೆ ಟೋಕನ್ ಸಾಯುತ್ತದೆ, ನಮ್ಮ ಗಡಿಯಾರದಲ್ಲಿ ಅದು ಬೆಳಗಿನ 5:30. ಅಂದರೆ 20ನೇ ತಾರೀಖು ಎಂದು ಹಾಕಿದ್ದರೆ 20ರಂದು ಕೆಲಸದ ಹೊತ್ತಿಗೆ ಅದು ಇರುವುದಿಲ್ಲ. 16.0 ಆವೃತ್ತಿಯಿಂದ, ಅಂದರೆ 2023ರ ಮೇ ತಿಂಗಳಿಂದ ಅಡ್ಮಿನ್ ಸೆಟ್ಟಿಂಗ್‌ನಲ್ಲಿ ಸಡಿಲಿಸದ ಹೊರತು ಗಡುವಿಲ್ಲದ ಟೋಕನ್ ಮಾಡಲು ಬರುವುದಿಲ್ಲ. ಗಡುವು ಹಾಕದಿದ್ದರೆ 365 ದಿನ ಎಂದು ತಾನೇ ಹಾಕಿಕೊಳ್ಳುತ್ತದೆ. 7 ದಿನ ಮುಂಚೆ ಇಮೇಲ್ ಕಳಿಸುತ್ತದೆ, ನಿಮ್ಮ ಸರ್ವರ್‌ನಲ್ಲಿ ಎಸ್‌ಎಂಟಿಪಿ (ಇಮೇಲ್ ಕಳಿಸುವ ವ್ಯವಸ್ಥೆ) ಹೊಂದಿಸಿದ್ದರೆ.

ಸ್ಕ್ರಿಪ್ಟ್‌ಗೆ ಯಾರದೋ ಪರ್ಸನಲ್ ಟೋಕನ್ ಕೊಡುವುದನ್ನು ನಿಲ್ಲಿಸಿ. ಪ್ರಾಜೆಕ್ಟ್‌ನ ಸೆಟ್ಟಿಂಗ್ಸ್, ಆಕ್ಸೆಸ್ ಟೋಕನ್ಸ್‌ನಲ್ಲಿ ಪ್ರಾಜೆಕ್ಟ್ ಟೋಕನ್ ಮಾಡಿ. ಸ್ವಂತ ಸರ್ವರ್‌ನಲ್ಲಿ ಇದು ಪುಕ್ಕಟೆ. ಹಿಂದೆ ಒಂದು ಬಾಟ್ ಅಕೌಂಟ್ ಹುಟ್ಟುತ್ತದೆ, ಅದಕ್ಕೆ ರಿಪೋರ್ಟರ್ ರೋಲ್, ರೀಡ್ ರೆಪೊಸಿಟರಿ ಸ್ಕೋಪ್ ಕೊಟ್ಟರೆ ಕೋಡ್ ಎಳೆಯಲು ಸಾಕು. ಮಾಡಿದವರು ಕೆಲಸ ಬಿಟ್ಟರೂ ಟೋಕನ್ ನಡೆಯುತ್ತದೆ. ಗಡುವಿಗೆ ಮುಂಚೆ ರೊಟೇಟ್ ಒತ್ತಿದರೆ ಹೊಸ ಟೋಕನ್ ಬರುತ್ತದೆ, ಹಳೆಯದು ಅದೇ ಕ್ಷಣ ನಿಲ್ಲುತ್ತದೆ. ಆದ್ದರಿಂದ ಸ್ಕ್ರಿಪ್ಟ್ ಓಡದ ಹೊತ್ತು ನೋಡಿ ಒತ್ತಿ.

ಪ್ರಶ್ನೆ: ಒಂದು ಪ್ರಾಜೆಕ್ಟ್‌ನ ಪೈಪ್‌ಲೈನ್ ಇನ್ನೊಂದು ಪ್ರಾಜೆಕ್ಟ್‌ನ ಕೋಡ್ ಕ್ಲೋನ್ ಮಾಡಬೇಕು. ಕೈಯಿಂದ ಮಾಡಿದರೆ ಆಗುತ್ತದೆ, ಪೈಪ್‌ಲೈನ್‌ನಲ್ಲಿ ಪರ್ಮಿಷನ್ ಇಲ್ಲ ಅನ್ನುತ್ತದೆ. ಅಲ್ಲದೆ ಮೇನ್ ಬ್ರಾಂಚ್‌ನಲ್ಲಿ ಸಿಗುವ ಪಾಸ್‌ವರ್ಡ್ ವೇರಿಯಬಲ್ ಬೇರೆ ಬ್ರಾಂಚ್‌ನಲ್ಲಿ ಖಾಲಿ.
— ವಿಜಯಪುರ

ಪೈಪ್‌ಲೈನ್ (ತಾನಾಗಿ ನಡೆಯುವ ಬಿಲ್ಡ್ ಸರಣಿ) ಬಳಸುವ ತಾತ್ಕಾಲಿಕ ಕೀಲಿ ಜಾಬ್ ಟೋಕನ್. ಅದು ಎರಡು ಬಾಗಿಲು ದಾಟಬೇಕು. ಪೈಪ್‌ಲೈನ್ ಶುರು ಮಾಡಿದವರಿಗೆ ಆ ಇನ್ನೊಂದು ಪ್ರಾಜೆಕ್ಟ್‌ನಲ್ಲಿ ಕೋಡ್ ಓದುವ ಹಕ್ಕು ಇರಬೇಕು. ಮತ್ತು ಆ ಪ್ರಾಜೆಕ್ಟ್‌ನ ಸೆಟ್ಟಿಂಗ್ಸ್, ಸಿಐ/ಸಿಡಿ, ಜಾಬ್ ಟೋಕನ್ ಪರ್ಮಿಷನ್ಸ್ ಪಟ್ಟಿಯಲ್ಲಿ ನಿಮ್ಮ ಪ್ರಾಜೆಕ್ಟ್ ಇರಬೇಕು. ಹೆಚ್ಚಿನವರು ಪಟ್ಟಿಯನ್ನು ಕರೆಯುವ ಪ್ರಾಜೆಕ್ಟ್‌ನಲ್ಲಿ ಹಾಕುತ್ತಾರೆ. ಹಾಕಬೇಕಾದದ್ದು ಕರೆಸಿಕೊಳ್ಳುವ ಪ್ರಾಜೆಕ್ಟ್‌ನಲ್ಲಿ, ಯಾರ ಮನೆಯೋ ಅವರೇ ಬಾಗಿಲು ತೆಗೆಯಬೇಕು.

ವೇರಿಯಬಲ್ ಖಾಲಿ ಬರುವುದು ಅದಕ್ಕೆ ಪ್ರೊಟೆಕ್ಟೆಡ್ ಟಿಕ್ ಇರುವುದರಿಂದ. ರಕ್ಷಿತ ಬ್ರಾಂಚ್, ರಕ್ಷಿತ ಟ್ಯಾಗ್‌ನಲ್ಲಿ ಮಾತ್ರ ಅದು ಸಿಗುತ್ತದೆ. ಟಿಕ್ ತೆಗೆಯಬೇಡಿ. ಡೆವಲಪರ್ ಯಾರಾದರೂ ತನ್ನ ಬ್ರಾಂಚ್‌ನಲ್ಲಿ ಪೈಪ್‌ಲೈನ್ ಫೈಲ್ ತಿದ್ದಿ ಪಾಸ್‌ವರ್ಡನ್ನು ಹೊರಗೆ ಕಳಿಸದಂತೆ ತಡೆಯುತ್ತಿರುವುದು ಅದೇ. ಮಾಸ್ಕ್ಡ್ ಎಂಬುದು ಲಾಗ್‌ನಲ್ಲಿ ಅಕ್ಷರ ಮುಚ್ಚುತ್ತದೆ, ಅಷ್ಟೇ. ಪರೀಕ್ಷೆಗೆ ಬೇರೆ ಪಾಸ್‌ವರ್ಡ್ ಇರುವ ಬೇರೆ ವೇರಿಯಬಲ್ ಮಾಡಿ.

ಪ್ರಶ್ನೆ: ಹೊಸ ಮಶೀನ್‌ಗೆ ಬ್ಯಾಕಪ್‌ನಿಂದ ಗಿಟ್‌ಲ್ಯಾಬ್ ಸಾಗಿಸಿದೆವು. ಟೂ-ಫ್ಯಾಕ್ಟರ್ ಇಟ್ಟವರು ಯಾರೂ ಒಳಗೆ ಬರಲಾಗುತ್ತಿಲ್ಲ, ಸಿಐ ಸೆಟ್ಟಿಂಗ್ಸ್ ಪುಟ ತೆಗೆದರೆ 500 ಎರರ್. ರೂಟ್ ಪಾಸ್‌ವರ್ಡೂ ಯಾರಿಗೂ ನೆನಪಿಲ್ಲ.
— ನವನಗರ, ಬಾಗಲಕೋಟೆ

ಗಿಟ್‌ಲ್ಯಾಬ್‌ನ ಬ್ಯಾಕಪ್ ಕಮಾಂಡ್ ಒಂದು ಫೈಲನ್ನು ಬೇಕೆಂದೇ ಬಿಡುತ್ತದೆ: ಇಟಿಸಿ ಫೋಲ್ಡರ್‌ನ ಗಿಟ್‌ಲ್ಯಾಬ್ ಒಳಗಿನ ಗಿಟ್‌ಲ್ಯಾಬ್-ಸೀಕ್ರೆಟ್ಸ್ ಡಾಟ್ ಜೇಸನ್. ಟೂ-ಫ್ಯಾಕ್ಟರ್ (ಪಾಸ್‌ವರ್ಡ್ ಜೊತೆ ಫೋನ್‌ನ ಕೋಡ್ ಕೇಳುವುದು) ಗುಟ್ಟುಗಳು, ಸಿಐ ವೇರಿಯಬಲ್‌ಗಳನ್ನು ಬಿಚ್ಚುವ ಕೀಲಿ ಅದರಲ್ಲಿದೆ. ಕೀಲಿ, ಪೆಟ್ಟಿಗೆ ಒಂದೇ ಕಡೆ ಇರಬಾರದು ಎಂಬುದು ಕಾರಣ. ಹಳೆಯ ಮಶೀನ್ ಇನ್ನೂ ಇದ್ದರೆ ಆ ಫೈಲ್ ತಂದು ಹೊಸದರಲ್ಲಿ ಅದೇ ಜಾಗಕ್ಕೆ ಇಟ್ಟು ರೀಕಾನ್ಫಿಗರ್, ರೀಸ್ಟಾರ್ಟ್ ಮಾಡಿ, ಎಲ್ಲ ಸರಿಹೋಗುತ್ತದೆ. ಡಿಸ್ಕ್ ಫಾರ್ಮ್ಯಾಟ್ ಆಗಿದ್ದರೆ ಎಲ್ಲರ ಟೂ-ಫ್ಯಾಕ್ಟರ್ ತೆಗೆದು ಹೊಸದಾಗಿ ಹಾಕಿಸಬೇಕು, ವೇರಿಯಬಲ್‌ಗಳನ್ನು ಒಂದೊಂದಾಗಿ ಮತ್ತೆ ತುಂಬಬೇಕು. ಬೇರೆ ದಾರಿಯಿಲ್ಲ.

ರೂಟ್ (ಗಿಟ್‌ಲ್ಯಾಬ್‌ನ ಮೊದಲ ಅಡ್ಮಿನ್ ಅಕೌಂಟ್) ಪಾಸ್‌ವರ್ಡ್‌ಗೆ ಅದೇ ಫೋಲ್ಡರ್‌ನಲ್ಲಿ ಇನಿಷಿಯಲ್ ರೂಟ್ ಪಾಸ್‌ವರ್ಡ್ ಎಂಬ ಫೈಲ್ ಹುಡುಕಲು ಹೋಗಬೇಡಿ. ಇನ್‌ಸ್ಟಾಲ್ ಆಗಿ 24 ಗಂಟೆ ಕಳೆದ ಮೇಲಿನ ಮೊದಲ ರೀಕಾನ್ಫಿಗರ್‌ಗೆ ಅದು ಅಳಿದಿರುತ್ತದೆ. ಮಶೀನ್‌ನಲ್ಲಿ ಸುಡೋ ಇದ್ದವರು ಗಿಟ್‌ಲ್ಯಾಬ್-ರೇಕ್ ಕಮಾಂಡ್‌ಗೆ ಗಿಟ್‌ಲ್ಯಾಬ್, ಪಾಸ್‌ವರ್ಡ್, ರೀಸೆಟ್ ಈ ಮೂರನ್ನೂ ನಡುವೆ ಕೋಲನ್ ಇಟ್ಟು ಜೋಡಿಸಿ, ಚೌಕ ಆವರಣದಲ್ಲಿ ರೂಟ್ ಎಂದು ಕೊಟ್ಟರೆ ಹೊಸ ಪಾಸ್‌ವರ್ಡ್ ಎರಡು ಸಲ ಕೇಳುತ್ತದೆ. ಟೈಪ್ ಮಾಡುವಾಗ ಅಕ್ಷರ ಕಾಣುವುದಿಲ್ಲ, ಕೀಬೋರ್ಡ್ ಕೆಟ್ಟಿಲ್ಲ.

ರೂಟ್‌ನಿಂದ ಒಳಗೆ ಬಂದ ಮೇಲೆ ಒಬ್ಬೊಬ್ಬರ ಟೂ-ಫ್ಯಾಕ್ಟರನ್ನು ಅಡ್ಮಿನ್, ಯೂಸರ್ಸ್ ಪುಟದಲ್ಲಿ ತೆಗೆಯಬಹುದು. ಮುಂದೆ ಒಬ್ಬರ ಫೋನ್ ಮಾತ್ರ ಕಳೆದುಹೋದರೆ ನಿಮ್ಮನ್ನು ಕೇಳಬೇಕಿಲ್ಲ: ಟೂ-ಫ್ಯಾಕ್ಟರ್ ಹಾಕುವಾಗ ಸಿಗುವ 10 ರಿಕವರಿ ಕೋಡ್‌ಗಳಲ್ಲಿ ಒಂದನ್ನು ಬಳಸಲಿ. ಕೋಡ್ ಸರಿಯಿದ್ದರೂ ತಪ್ಪು ಅನ್ನುತ್ತಿದ್ದರೆ ಫೋನ್ ಮತ್ತು ಸರ್ವರ್ ಎರಡರ ಗಡಿಯಾರ ನೋಡಿ. ಹೊಸ ಮಶೀನ್‌ನಲ್ಲಿ ಎನ್‌ಟಿಪಿ (ಗಡಿಯಾರವನ್ನು ತಾನಾಗಿ ಸರಿಹೊಂದಿಸುವ ವ್ಯವಸ್ಥೆ) ಹಾಕದೆ ಬಿಟ್ಟಿದ್ದರೆ ನಿಮಿಷಗಟ್ಟಲೆ ಹಿಂದೆ ಮುಂದೆ ಆಗಿರುತ್ತದೆ.

ಪ್ರಶ್ನೆ: ನಾವು ನಾಲ್ಕೇ ಜನ. 2 ಜಿಬಿ ರ್‍ಯಾಮ್ ಇರುವ ಹಳೆಯ ಡೆಸ್ಕ್‌ಟಾಪ್ ಇದೆ. ಗಿಟ್‌ಲ್ಯಾಬ್ ನಡೆಯುತ್ತದೆಯೇ?
— ಇಳಕಲ್

ಏದುಸಿರು ಬಿಡುತ್ತದೆ. ಬದಲಿಗೆ ಗಿಟೀ ಹಾಕಿ, ಅದು ಇದೇ ಕೆಲಸ ಮಾಡುವ ಹಗುರ ಸಾಫ್ಟ್‌ವೇರ್, ಸಣ್ಣ ತಂಡಕ್ಕೆ 1 ಜಿಬಿ ರ್‍ಯಾಮ್ ಸಾಕು. ಮೊದಲು ನೋಂದಾಯಿಸಿದವರೇ ಅಡ್ಮಿನ್ ಆಗುತ್ತಾರೆ, ಆದ್ದರಿಂದ ಸರ್ವರ್ ಚಾಲೂ ಮಾಡಿ ಚಹಾ ಕುಡಿಯಲು ಹೋಗಬೇಡಿ, ಮೊದಲು ನಿಮ್ಮ ಅಕೌಂಟ್ ಮಾಡಿ. ಆಮೇಲೆ ಆ್ಯಪ್ ಡಾಟ್ ಐಎನ್‌ಐ ಫೈಲ್‌ನ ಸರ್ವಿಸ್ ಭಾಗದಲ್ಲಿ ಡಿಸೇಬಲ್ ರಿಜಿಸ್ಟ್ರೇಶನ್ ಮತ್ತು ರಿಕ್ವೈರ್ ಸೈನ್‌ಇನ್ ವ್ಯೂ ಎರಡನ್ನೂ ಟ್ರೂ ಮಾಡಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ಇಲ್ಲಿ ಗೆಸ್ಟ್, ರಿಪೋರ್ಟರ್ ಎಂಬ ಮೆಟ್ಟಿಲುಗಳಿಲ್ಲ. ಆರ್ಗನೈಸೇಶನ್ ಒಳಗೆ ಟೀಮ್ ಮಾಡಿ, ಕೋಡ್, ಇಶ್ಯೂ, ವಿಕಿ ಒಂದೊಂದಕ್ಕೂ ಓದುವುದು, ಬರೆಯುವುದು, ಏನೂ ಇಲ್ಲ ಎಂದು ಬೇರೆ ಬೇರೆ ಹಕ್ಕು ಕೊಡಬಹುದು. ಓನರ್ಸ್ ಎಂಬ ಟೀಮ್ ಮೊದಲೇ ಇರುತ್ತದೆ. ನಾಲ್ಕೂ ಜನರನ್ನು ಅದರಲ್ಲೇ ಹಾಕಿ ಕೂರಬೇಡಿ.